ಗಾಡಿ ಕೂಗುತ್ತಿದೆ, ಕೇಳಿಸಿತೇ?



ನಿಮ್ಮ ಮನೆಯ ಮುಂದೆ ಒಂದು ಕಾರು ನಿಂತಿದೆಯೇ? ಶೋರೂಮಿನಿಂದ ಬಂದ ಹೊಸ ಕಾರೇ ಆಗಿರಬೇಕೆಂದಿಲ್ಲ. ನಾಲ್ಕು ಕೈ ದಾಟಿ ಬಂದ ಹಳೆಯ ಗಾಡಿಯಾದರೂ ಸರಿ. ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಈಗ ಅಂಥ ಗಾಡಿಗಳಿಗೆ ಕೊರತೆಯಿಲ್ಲ. ಮದುವೆಗೆ, ಮಯ್ಯತ್ತಿಗೆ, ಸಂತೆಗೆ, ಹುಬ್ಬಳ್ಳಿಯ ಆಸ್ಪತ್ರೆಗೆ ಎಲ್ಲದಕ್ಕೂ ಅದೇ ಗಾಡಿ. ಅದನ್ನು ಓಡಿಸುವವರು ಹೆಚ್ಚಾಗಿ ಗಂಡಸರು. ಆದರೆ ಮುಂಜಾನೆ ಅದು ಚಾಲೂ ಆಗುವಾಗ ಹೊರಡುವ ಸದ್ದನ್ನು ಕೇಳುವವರು ಯಾರು? ಓಡಿಸುವವನು ಕಿಟಕಿ ಏರಿಸಿ ಒಳಗೆ ಕುಳಿತಿರುತ್ತಾನೆ. ಅಂಗಳ ಗುಡಿಸುತ್ತಾ, ರೊಟ್ಟಿ ಬಡಿಯುತ್ತಾ ಹೊರಗಿನ ಸದ್ದು ಕೇಳುವವರು ನೀವು.

ಆ ಸದ್ದಿನ ಬಗ್ಗೆಯೇ ಇಂದು ನಿಮ್ಮೊಂದಿಗೆ ಸ್ವಲ್ಪ ಮಾತನಾಡಬೇಕಾಗಿದೆ.

ಗಾಡಿ ಚಾಲೂ ಮಾಡಿದ ಕೂಡಲೇ "ಕೀಂ..." ಎಂದು ಕಿವಿ ಚುಚ್ಚುವಂತೆ ಕೂಗಿ, ಅರ್ಧ ನಿಮಿಷದಲ್ಲಿ ಸುಮ್ಮನಾಗುವುದನ್ನು ನೀವು ಕೇಳಿರಬಹುದು. ಚಳಿಗಾಲದ ಬೆಳಗಿನಲ್ಲಿ, ಮಳೆ ಬಂದ ಮರುದಿನ ಅದು ಜೋರಾಗಿರುತ್ತದೆ. ಏಸಿ ಹಾಕಿದಾಗ ಅಥವಾ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಮತ್ತೊಮ್ಮೆ ಕೂಗುತ್ತದೆ. ಹೆಚ್ಚಿನ ಸಲ ಕೂಗುವುದು ಎಂಜಿನ್ ಅಲ್ಲ, ಎಂಜಿನ್ನಿನ ಮುಂಭಾಗದಲ್ಲಿ ಸುತ್ತುವ ಒಂದು ರಬ್ಬರ್ ಬೆಲ್ಟ್.

ಈ ಬೆಲ್ಟ್ ಏನು ಮಾಡುತ್ತದೆ?

ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಮೋಟರು ಒಂದು ಕಡೆ, ಬೀಸುವ ಕಲ್ಲು ಇನ್ನೊಂದು ಕಡೆ, ನಡುವೆ ಉದ್ದನೆಯ ಪಟ್ಟಾ. ಪಟ್ಟಾ ಕಳಚಿದರೆ ಮೋಟರು ಎಷ್ಟೇ ತಿರುಗಿದರೂ ಜೋಳ ಹಿಟ್ಟಾಗುವುದಿಲ್ಲ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದಲ್ಲೂ ಹಾಗೆಯೇ. ಕೆಳಗಿನ ದೊಡ್ಡ ಚಕ್ರದ ಬಲವನ್ನು ಮೇಲಿನ ಚಕ್ರಕ್ಕೆ ತಲುಪಿಸುವುದು ಒಂದು ಚರ್ಮದ ಬೆಲ್ಟ್. ಅದು ಸಡಿಲವಾದಾಗ ಜಾರುತ್ತದೆ. ನಾವು ಸ್ವಲ್ಪ ಕತ್ತರಿಸಿ, ಕೊಕ್ಕೆ ಹಾಕಿ ಮತ್ತೆ ಜೋಡಿಸುತ್ತೇವೆ. ಕಾರಿನ ಬೆಲ್ಟನ್ನು ಮಾತ್ರ ಹಾಗೆ ಕತ್ತರಿಸಿ ಜೋಡಿಸಲು ಬರುವುದಿಲ್ಲ.

ಕಾರಿನ ಎಂಜಿನ್ ತಿರುಗುವಾಗ ಅದರ ತುದಿಯ ಒಂದು ಪುಲ್ಲಿ, ಅಂದರೆ ಗಾಲಿ, ತಿರುಗುತ್ತದೆ. ಈ ಬೆಲ್ಟ್ ಆ ಗಾಲಿಯಿಂದ ಹೊರಟು ಉಳಿದ ಗಾಲಿಗಳನ್ನು ಹಾವಿನಂತೆ ಬಳಸಿ ಮತ್ತೆ ಅಲ್ಲಿಗೇ ಬರುತ್ತದೆ. ಆದ್ದರಿಂದಲೇ ಅದಕ್ಕೆ ಸರ್ಪೆಂಟೈನ್ ಬೆಲ್ಟ್ ಎಂಬ ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಈ ಹೆಸರು ಬಳಕೆಯಲ್ಲಿಲ್ಲ. "ಫ್ಯಾನ್ ಬೆಲ್ಟ್" ಎಂದರೆ ಮಿಸ್ತ್ರಿಗೆ ಅರ್ಥವಾಗುತ್ತದೆ.

ಈ ಬೆಲ್ಟ್ ಬ್ಯಾಟರಿ ತುಂಬಿಸುವ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಅನೇಕ ಎಂಜಿನ್‌ಗಳಲ್ಲಿ ತಂಪು ನೀರನ್ನು ಸುತ್ತಿಸುವ ವಾಟರ್ ಪಂಪನ್ನೂ ಅದೇ ತಿರುಗಿಸುತ್ತದೆ. ಏಸಿಯ ಕಂಪ್ರೆಸರ್, ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟಿಯರಿಂಗಿನ ಪಂಪ್ ಇವೂ ಅದರ ಮೇಲೆಯೇ ನಿಂತಿರುತ್ತವೆ. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಕೂಡ ಆಲ್ಟರ್ನೇಟರಿಗೇ ಜೋಡಣೆಯಾಗಿರುತ್ತದೆ. ಅಂಥ ಗಾಡಿಯಲ್ಲಿ ಬೆಲ್ಟ್ ಹರಿದರೆ ಸ್ವಲ್ಪ ಹೊತ್ತಿಗೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಹಳೆಯ ಮಾರುತಿ 800, ಓಮ್ನಿಗಳಲ್ಲಿ ಇದ್ದದ್ದು ಇಂಗ್ಲಿಷಿನ ವಿ ಅಕ್ಷರದ ಆಕಾರದ ಬೆಲ್ಟ್. ಏಸಿ ಇದ್ದರೆ ಅದಕ್ಕೆ ಬೇರೆ ಬೆಲ್ಟ್. 1979ರಲ್ಲಿ ಅಮೆರಿಕದ ಫೋರ್ಡ್ ಕಂಪೆನಿಯ ಮಸ್ಟಾಂಗ್ ಕಾರಿನಲ್ಲಿ ಎಲ್ಲ ಕೆಲಸಕ್ಕೂ ಒಂದೇ ಅಗಲವಾದ ಬೆಲ್ಟ್ ಬಂತು. ಆಮೇಲೆ ಜಗತ್ತಿನಾದ್ಯಂತ ಅದೇ ರೂಢಿಯಾಯಿತು. ಜಾಗ ಕಡಿಮೆ ಸಾಕು, ಬದಲಾಯಿಸುವುದೂ ಸುಲಭ. ಆದರೆ ಅಂಥ ಗಾಡಿಯಲ್ಲಿ ಒಂದು ಹರಿದರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತದೆ. ಇಡೀ ಮನೆಯ ಭಾರವನ್ನು ಒಬ್ಬರೇ ಹೊತ್ತಂತೆ. ಹಾಗೆ ಹೊತ್ತವರ ದಣಿವನ್ನು ಯಾರೂ ಕೇಳುವುದಿಲ್ಲವೆಂಬುದು ನಿಮಗೆ ಹೇಳಿಕೊಡಬೇಕಾದ ಮಾತಲ್ಲ.

ಹದಿನೈದು ದಿನದ ಕೂಗು

2022ರ ಮೇ ತಿಂಗಳಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನವಲಗುಂದ ತಾಲೂಕಿನ ಒಂದು ಹಳ್ಳಿ. ನನ್ನ ನಾದಿನಿಯ ಮಗಳು ಅಲ್ಲಿಯ ಸೊಸೆ, ತುಂಬಿದ ಗರ್ಭಿಣಿ. ರಜೆಯಾದ್ದರಿಂದ ನಾನು ಅವಳ ಜೊತೆಗಿರಲು ಹೋಗಿದ್ದೆ. ಆ ಮನೆಯ ಹಿರಿಯಾಕೆ ಜಮಖಾನ ನೇಯ್ದ ಕೈಯವರು. ನವಲಗುಂದದ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದನ್ನು ನೀವು ಓದಿರಬಹುದು. ಅದನ್ನು ಪೀಳಿಗೆಗಳಿಂದ ನೇಯುತ್ತಾ ಬಂದವರು ನಮ್ಮ ಮುಸ್ಲಿಮ್ ಹೆಣ್ಣುಮಕ್ಕಳೇ. ದಾರ ಎಲ್ಲಿ ಸಡಿಲಾಯಿತು, ಅಂಚು ಎಲ್ಲಿ ಎಳೆಬಿಟ್ಟಿತು ಎಂಬುದು ಅಂಥವರ ಕಣ್ಣಿಗೆ ತಪ್ಪುವುದಿಲ್ಲ. ಕಿವಿಗೂ ಅಷ್ಟೇ.

ನಾನು ಹೋದ ಮರುದಿನವೇ ಅವರು ಮಗನಿಗೆ ಹೇಳುತ್ತಿದ್ದರು: "ಗಾಡಿ ದಿನಾ ಮುಂಜಾನೆ ಒದರಾಕತ್ತೈತಿ. ಯಾರಿಗಾದ್ರೂ ತೋರಸಪಾ."

"ಗಾಡಿ ಅಂದಮ್ಯಾಲೆ ಸಪ್ಪಳ ಇರಾದ ಅಮ್ಮಾ, ನಿಮಗ ಅದೆಲ್ಲಾ ತಿಳಿಯೂದಿಲ್ಲ" ಎಂದು ಅವನು ನಕ್ಕು ಹೋದ. ಒಳ್ಳೆಯ ಹುಡುಗ, ತಾಯಿಗೆ ಎದುರಾಡುವವನಲ್ಲ. ಹೆಂಗಸರಿಗೆ ಗಾಡಿಯ ವಿಷಯ ತಿಳಿಯುವುದಿಲ್ಲವೆಂದು ಎಲ್ಲರೂ ನಂಬಿದ್ದನ್ನು ಅವನೂ ನಂಬಿದ್ದ, ಅಷ್ಟೆ.

ಮುಂದಿನ ವಾರ ಝುಹ್ರ್ ಹೊತ್ತಿಗೆ ಸೊಸೆಗೆ ಹೆರಿಗೆ ನೋವು ಬಂತು. ಉರಿ ಬಿಸಿಲು, ಗಾಡಿಯಲ್ಲಿ ಏಸಿ ಹಾಕಿದರು. ಹುಬ್ಬಳ್ಳಿಗೆ ಇನ್ನೂ ಸುಮಾರು ಇಪ್ಪತ್ತು ಕಿಲೋಮೀಟರ್ ಇರುವಾಗ ಮುಂದಿನಿಂದ ಚಾಟಿ ಬೀಸಿದಂತೆ ಒಂದು ಸದ್ದು ಬಂತು. ಏಸಿ ನಿಂತಿತು, ಎದುರಿಗೆ ಬ್ಯಾಟರಿಯ ಚಿತ್ರದ ಕೆಂಪು ದೀಪ ಹತ್ತಿತು, ಸ್ಟಿಯರಿಂಗ್ ಭಾರವಾಯಿತು. ಹಿಂದೆ ಹೆಂಡತಿ ನರಳುತ್ತಿದ್ದಾಳೆ, ಹುಡುಗ ನಿಲ್ಲಿಸುವುದಾದರೂ ಹೇಗೆ? ಮೂರು ಕಿಲೋಮೀಟರ್ ಹಾಗೆಯೇ ಓಡಿಸಿದ. ಆಮೇಲೆ ಬಾನೆಟ್ಟಿನಿಂದ ಹಬೆ ಎದ್ದಿತು, ಗಾಡಿ ತಾನೇ ನಿಂತಿತು.

ಆ ಎರೆ ಭೂಮಿಯ ನಡುವೆ, ಒಂದು ಮರದ ನೆರಳೂ ಇಲ್ಲದ ರಸ್ತೆಯಲ್ಲಿ, ನಾವು ಮೂವರು ಹೆಂಗಸರು ಓಢನಿಗಳನ್ನು ಬಿಡಿಸಿ ಹಿಡಿದು ಅವಳಿಗೆ ನೆರಳು ಮಾಡಿದೆವು. 108ಕ್ಕೆ ಫೋನು ಮಾಡಿದೆವು. ಆ್ಯಂಬುಲೆನ್ಸ್ ಬರುವ ತನಕದ ಹೊತ್ತನ್ನು ನಾನು ಗಡಿಯಾರದಿಂದ ಅಳೆಯಲಿಲ್ಲ, ಅವಳ ನೋವಿನಿಂದ ಅಳೆದೆ. ಅಲ್‌ಹಮ್ದುಲಿಲ್ಲಾಹ್, ಆಸ್ಪತ್ರೆ ತಲುಪಿ ಒಂದು ಗಂಟೆಯೊಳಗೆ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಕ್ಷೇಮ. ಗಾಡಿಯ ಎಂಜಿನ್ ಮಾತ್ರ ಕಾದು, ಹೆಡ್ ಗ್ಯಾಸ್ಕೆಟ್ ಸುಟ್ಟು ವಾರಗಟ್ಟಲೆ ಗ್ಯಾರೇಜಿನಲ್ಲಿ ಬಿತ್ತು. ಕೆಲವು ನೂರು ರೂಪಾಯಿಯ ಬೆಲ್ಟಿನ ಜಾಗದಲ್ಲಿ ಹತ್ತಾರು ಸಾವಿರ ಹೋಯಿತು.

ಹಿರಿಯಾಕೆ ಮಗನನ್ನು ಬಯ್ಯಲಿಲ್ಲ. ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದ್ದು ಇಷ್ಟೇ: "ಅದು ಹದಿನೈದು ದಿವಸದಿಂದ ಹೇಳಾಕತ್ತಿತ್ತು."

ಈ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಬೆಲ್ಟ್ ಹರಿಯುವ ಮೊದಲು ಬಹಳ ಸಲ ಎಚ್ಚರಿಸುತ್ತದೆ. ಆ ಎಚ್ಚರಿಕೆ ಆ ಮನೆಯಲ್ಲಿ ಒಬ್ಬರ ಕಿವಿಗೆ ಬಿದ್ದೂ ಇತ್ತು. ಆದರೆ ಕೇಳಿದವರಿಗೆ ಅದರ ಹೆಸರು ಗೊತ್ತಿರಲಿಲ್ಲ. ಹೆಸರು ಗೊತ್ತಿದ್ದವರು ಅವರ ಮಾತಿಗೆ ಬೆಲೆ ಕೊಡಲಿಲ್ಲ. "ಗಾಡಿ ಒದರುತ್ತದೆ" ಎಂದರೆ ನಗುತ್ತಾರೆ. "ಬೆಲ್ಟ್ ಜಾರುತ್ತಿದೆ, ಅಂಚು ಎಳೆಬಿಟ್ಟಿದೆ, ನೋಡು ಬಾ" ಎಂದರೆ ನಗುವುದಿಲ್ಲ. ಸಹೋದರಿಯರೇ, ಹೇಳುವ ಮಾತಿಗೆ ತೂಕ ಬರಬೇಕಾದರೆ ಸ್ವಲ್ಪ ತಿಳುವಳಿಕೆ ಬೇಕು.

ತವಕ್ಕುಲ್ ಮತ್ತು ಹಗ್ಗ

ಒಂಟೆಯನ್ನು ಕಟ್ಟಿಹಾಕಿ ಅಲ್ಲಾಹನ ಮೇಲೆ ಭರವಸೆಯಿಡಲೋ, ಕಟ್ಟದೆಯೇ ಬಿಟ್ಟು ಭರವಸೆಯಿಡಲೋ ಎಂದು ಕೇಳಿದ ವ್ಯಕ್ತಿಗೆ ಪ್ರವಾದಿ(ಸ)ಯವರು ಮೊದಲು ಕಟ್ಟಲು, ಆಮೇಲೆ ಭರವಸೆಯಿಡಲು ಹೇಳಿದ್ದು ತಿರ್ಮಿದಿಯಲ್ಲಿದೆ. ಮದ್ರಸದ ಮಕ್ಕಳಿಗೂ ಗೊತ್ತಿರುವ ಹದೀಸ್ ಇದು. ಆದರೆ ಕಾರು ಹತ್ತುವಾಗ ನಮ್ಮ ಹಗ್ಗ ಯಾವುದು ಎಂದು ನಾವು ಕೇಳಿಕೊಳ್ಳುವುದಿಲ್ಲ. ಸವಾರಿಯ ದುಆ ಓದುತ್ತೇವೆ, ಕನ್ನಡಿಗೆ ತಸ್ಬೀಹ್ ತೂಗುಹಾಕುತ್ತೇವೆ. ಟೈರು, ಬ್ರೇಕು, ಬೆಲ್ಟು ನೋಡುವುದು ಧರ್ಮಕ್ಕೆ ಸಂಬಂಧಿಸಿದ್ದಲ್ಲವೆಂದು ತಿಳಿಯುತ್ತೇವೆ. ಗಾಡಿಯಲ್ಲಿ ಕುಳಿತ ಪ್ರತಿಯೊಬ್ಬರೂ ಓಡಿಸುವವನ ಕೈಯಲ್ಲಿರುವ ಅಮಾನತ್. ಬಾಡಿಗೆಗೆ ಓಡಿಸುವವನಿಗಂತೂ ಅದು ಹಣ ಪಡೆದು ವಹಿಸಿಕೊಂಡ ಅಮಾನತ್.

ಯಂತ್ರದ ಅರಿವು ನಮ್ಮ ಪರಂಪರೆಗೆ ಹೊರಗಿನದೂ ಅಲ್ಲ. ದಿಯಾರ್‌ಬಕ್ರ್‌ನ ಅರ್ತುಕಿ ದೊರೆಗಳ ಬಳಿ ಕೆಲಸ ಮಾಡಿದ ಅಲ್-ಜಝರಿ 1206ರಲ್ಲಿ ಮುಗಿಸಿದ ಗ್ರಂಥದಲ್ಲಿ ನೀರೆತ್ತುವ ಯಂತ್ರಗಳನ್ನೂ ನೀರ್ಗಡಿಯಾರಗಳನ್ನೂ ಚಿತ್ರಸಹಿತ ವಿವರಿಸಿದ್ದಾರೆ. ಪ್ರತಿ ಭಾಗವನ್ನು ಹೇಗೆ ಮಾಡಬೇಕು, ಹೇಗೆ ಜೋಡಿಸಬೇಕು ಎಂದು ಇನ್ನೊಬ್ಬ ಕಸುಬುದಾರನಿಗೆ ತಿಳಿಯುವಂತೆ ಬರೆದರು.

ನೋಡುವುದು ಹೇಗೆ?

ನನಗೆ ಇದನ್ನು ತೋರಿಸಿಕೊಟ್ಟವನು ನಮ್ಮ ಮಕ್ತಬ್‌ನಲ್ಲಿ ನನ್ನ ಬಳಿ ಖಾಯಿದಾ ಕಲಿತ ಒಬ್ಬ ಹುಡುಗ. ಈಗ ಅವನು ಗ್ಯಾರೇಜಿನಲ್ಲಿ ಮಿಸ್ತ್ರಿ. ಅಲಿಫ್, ಬೇ ಕಲಿಸಿದವಳಿಗೆ ಅವನು ಬೆಲ್ಟಿನ ಅಕ್ಷರಗಳನ್ನು ಕಲಿಸಿದ.

ಮೊದಲನೆಯ ನಿಯಮ: ಎಂಜಿನ್ ನಿಂತಿರಬೇಕು, ತಣ್ಣಗಾಗಿರಬೇಕು, ಕೀಲಿಕೈ ನಿಮ್ಮ ಕೈಯಲ್ಲಿರಬೇಕು. ತಿರುಗುತ್ತಿರುವ ಬೆಲ್ಟಿನ ಹತ್ತಿರ ಸೆರಗು, ಓಢನಿ, ಬುರ್ಖಾದ ತೋಳು, ಜಡೆ ಯಾವುದೂ ಹೋಗಬಾರದು. ಒಂದು ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಮಕ್ಕಳನ್ನು ದೂರವಿಡಿ.

ಬಾನೆಟ್ ಎತ್ತಿ ಮೊಬೈಲಿನ ಟಾರ್ಚ್ ಹಿಡಿದು ಎಂಜಿನ್ನಿನ ಗಾಲಿಗಳಿರುವ ಬದಿಯನ್ನು ನೋಡಿ. ಬೆಲ್ಟಿನ ಒಂದು ಮೈ ನಯವಾಗಿರುತ್ತದೆ. ಇನ್ನೊಂದು ಮೈಯಲ್ಲಿ ಹೊಲದ ಸಾಲು-ಬೋದುಗಳಂತೆ ಉದ್ದುದ್ದ ಗೆರೆಗಳಿರುತ್ತವೆ. ಸವೆತ ತಿಳಿಯುವುದು ಈ ಸಾಲುಗಳಲ್ಲಿ.

ಬೋದುಗಳ ಮೇಲೆ ಅಡ್ಡ ಬಿರುಕುಗಳಿವೆಯೇ ನೋಡಿ. ಮೂರು ಇಂಚಿನ ಉದ್ದದಲ್ಲಿ ಒಂದೇ ಬೋದಿನ ಮೇಲೆ ಮೂರು ಬಿರುಕುಗಳಿದ್ದರೆ ಬೆಲ್ಟಿನ ಆಯುಸ್ಸು ಮುಗಿದಿದೆ. ಬೋದಿನ ತುಂಡೇ ಉದುರಿದ್ದರೆ ಆ ದಿನವೇ ಬದಲಾಯಿಸಬೇಕು. ಅಂಚಿನಲ್ಲಿ ದಾರ ಎಳೆಬಿಟ್ಟಿದ್ದರೆ ಯಾವುದೋ ಗಾಲಿ ಸಾಲಿನಲ್ಲಿಲ್ಲ ಎಂದರ್ಥ. ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಜಾರುತ್ತಿದೆ. ಎಣ್ಣೆ ಅಂಟಿದ್ದರೆ ಎಲ್ಲೋ ಸೋರುತ್ತಿದೆ. ಆ ಸೋರಿಕೆ ನಿಲ್ಲಿಸದೆ ಹೊಸ ಬೆಲ್ಟ್ ಹಾಕಿದರೆ ಅದೂ ಕೆಡುತ್ತದೆ.

ಒಂದು ಮಾತು ನೆನಪಿಡಿ. ಹಿಂದಿನ ಬೆಲ್ಟುಗಳು ನಿಯೋಪ್ರೀನ್ ಎಂಬ ರಬ್ಬರಿನವು, ಹಳತಾದಾಗ ಬಿರುಕು ಬಿಡುತ್ತಿದ್ದವು. ಈಗಿನ ಹೆಚ್ಚಿನ ಬೆಲ್ಟುಗಳು ಇಪಿಡಿಎಂ ಎಂಬ ರಬ್ಬರಿನವು. ಇವು ಬೇಗ ಬಿರುಕು ಬಿಡುವುದಿಲ್ಲ, ಟೈರಿನಂತೆ ಒಳಗೊಳಗೇ ಸವೆಯುತ್ತವೆ. ಸಾಲು ಅಗಲವಾಗಿ, ಬೋದು ತೆಳುವಾಗಿ, ಬೆಲ್ಟ್ ಗಾಲಿಯೊಳಗೆ ಆಳಕ್ಕೆ ಕೂರುತ್ತದೆ. ಆದ್ದರಿಂದ "ಬಿರುಕಿಲ್ಲ, ಚೆನ್ನಾಗಿದೆ" ಎಂಬ ಮಾತನ್ನು ಪೂರ್ತಿ ನಂಬಬೇಡಿ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕೆಂದು ಬರೆದಿರುತ್ತದೆ. ನಮ್ಮ ಎರೆ ಮಣ್ಣಿನ ಧೂಳು, ಮೇ ತಿಂಗಳ ಕಾವು, ಬೆಣ್ಣೆಹಳ್ಳ ತುಂಬಿದಾಗ ರಸ್ತೆಯ ಮೇಲೆ ನಿಲ್ಲುವ ಕೆಸರುನೀರು, ಇವೆಲ್ಲ ಆ ಲೆಕ್ಕಕ್ಕಿಂತ ಮೊದಲೇ ಬೆಲ್ಟನ್ನು ಸವೆಸಬಹುದು. ಪ್ರತಿ ಸರ್ವಿಸಿನಲ್ಲಿ ನೋಡಿಸುವುದು ಒಳ್ಳೆಯದು.

ಸದ್ದಿನಲ್ಲೂ ಎರಡು ಬಗೆ. ಉದ್ದವಾಗಿ ಕಿರುಚಿದರೆ ಸಾಮಾನ್ಯವಾಗಿ ಬೆಲ್ಟ್ ಸಡಿಲವಾಗಿದೆ, ಜಾರುತ್ತಿದೆ. ಗುಬ್ಬಿಯಂತೆ ಚಿಂವ್ ಚಿಂವ್ ಎಂದರೆ ಯಾವುದೋ ಗಾಲಿ ವಾರೆಯಾಗಿದೆ. ಮಿಸ್ತ್ರಿಗಳು ದೂರದಿಂದ ಬೆಲ್ಟಿನ ಮೇಲೆ ಸ್ವಲ್ಪ ನೀರು ಸಿಂಪಡಿಸಿ ಇದನ್ನು ಪರೀಕ್ಷಿಸುತ್ತಾರೆ. ನೀರು ಬಿದ್ದಾಗ ಸದ್ದು ಹೆಚ್ಚಿದರೆ ಬಿಗಿ ಸಾಲದು. ಸದ್ದು ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಬಂದರೆ ಗಾಲಿ ವಾರೆ. ಇದನ್ನು ಅವರೇ ಮಾಡಲಿ, ನೀವು ದೂರದಿಂದ ನೋಡಿ.

ಸಾಬೂನು, ಮೇಣ ಹಚ್ಚಿ ಸದ್ದು ಅಡಗಿಸುವವರೂ ಇದ್ದಾರೆ. ಅದು ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದಂತೆ. ಅಳು ನಿಲ್ಲುತ್ತದೆ, ಹಸಿವು ನಿಲ್ಲುವುದಿಲ್ಲ.

ಬದಲಾಯಿಸುವಾಗ ಏನು ಗಮನಿಸಬೇಕು?

ಬೆಲ್ಟ್ ಬದಲಾಯಿಸುವುದು ಹೆಚ್ಚಿನ ಗಾಡಿಗಳಲ್ಲಿ ದೊಡ್ಡ ಕೆಲಸವಲ್ಲ. ಮೊದಲು ಹಳೆಯ ಬೆಲ್ಟ್ ಯಾವ ಗಾಲಿಯ ಮೇಲೆ, ಯಾವುದರ ಕೆಳಗೆ ಹೋಗಿದೆ ಎಂದು ಫೋಟೋ ತೆಗೆದುಕೊಳ್ಳಬೇಕು. ಕೆಲವು ಗಾಡಿಗಳಲ್ಲಿ ಬಾನೆಟ್ಟಿನ ಒಳಗೆ ಆ ನಕ್ಷೆ ಅಂಟಿಸಿರುತ್ತಾರೆ. ಬೆಲ್ಟನ್ನು ಬಿಗಿಯಾಗಿಡುವ ಸ್ಪ್ರಿಂಗಿನ ಟೆನ್ಷನರನ್ನು ಪಾನಾ ಹಾಕಿ ತಿರುಗಿಸಿದರೆ ಬೆಲ್ಟ್ ಸಡಿಲಾಗಿ ಹೊರಬರುತ್ತದೆ. ಟೆನ್ಷನರ್ ಇಲ್ಲದ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ ಬಿಗಿ ಹೊಂದಿಸುತ್ತಾರೆ. ಅತಿಯಾಗಿ ಬಿಗಿದರೆ ಆಲ್ಟರ್ನೇಟರ್ ಮತ್ತು ವಾಟರ್ ಪಂಪಿನ ಬೇರಿಂಗ್ ಹಾಳಾಗುತ್ತದೆ.

ಬೆಲ್ಟ್ ತೆಗೆದಾಗ ಪ್ರತಿ ಗಾಲಿಯನ್ನೂ ಕೈಯಿಂದ ತಿರುಗಿಸಿ ನೋಡಲು ಹೇಳಿ. ಗರಗರ ಎಂದರೆ, ಅಲುಗಾಡಿದರೆ, ಅದನ್ನೂ ಬದಲಾಯಿಸಬೇಕು. ದಣಿದ ಟೆನ್ಷನರನ್ನು ಹಾಗೆಯೇ ಬಿಟ್ಟು ಹೊಸ ಬೆಲ್ಟ್ ಹಾಕಿದರೆ ಒಂದೆರಡು ತಿಂಗಳಲ್ಲಿ ಮತ್ತೆ ಕೂಗು ಶುರುವಾಗುತ್ತದೆ.

ಬೆಲ್ಟಿನ ಬೆನ್ನಿನ ಮೇಲೆ 6ಪಿಕೆ1200 ಎಂಬಂಥ ಒಂದು ಗುರುತು ಇರುತ್ತದೆ. 6 ಎಂದರೆ ಆರು ಬೋದುಗಳು, ಪಿಕೆ ಎಂದರೆ ಬೋದಿನ ಅಳತೆ, 1200 ಎಂದರೆ ಉದ್ದ 1200 ಮಿಲಿಮೀಟರ್. ನಿಮ್ಮ ಗಾಡಿಯ ಸಂಖ್ಯೆ ಯಾವುದೋ ಅದನ್ನೇ ಕೇಳಿ ತನ್ನಿ. "ಹತ್ತಿರಹತ್ತಿರ ಕೂರುತ್ತದೆ" ಎಂಬ ಬೆಲ್ಟ್ ಬೇಡ. ಹಾಕಿದ ಮೇಲೆ ಪ್ರತಿ ಬೋದು ಗಾಲಿಯ ಸಾಲಿನಲ್ಲಿ ಸರಿಯಾಗಿ ಕುಳಿತಿದೆಯೇ ನೋಡಿ, ಕೆಲವು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ ಮತ್ತೊಮ್ಮೆ ನೋಡಬೇಕು.

ಟೈಮಿಂಗ್ ಬೆಲ್ಟ್ ಎಂಬುದು ಬೇರೆ. ಅದು ಮುಚ್ಚಳದೊಳಗಿರುತ್ತದೆ, ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ. ಅದು ಹರಿದರೆ ಎಂಜಿನ್ ಆ ಕ್ಷಣವೇ ನಿಲ್ಲುತ್ತದೆ, ಒಳಗೆ ಮುರಿಯಲೂಬಹುದು. ಅದನ್ನು ಮನೆಯಲ್ಲಿ ಮುಟ್ಟಬೇಡಿ.

ದಾರಿಯಲ್ಲಿ ಹರಿದರೆ?

ಕೆಂಪು ಬ್ಯಾಟರಿ ದೀಪ, ಭಾರವಾದ ಸ್ಟಿಯರಿಂಗ್, ಏರುತ್ತಿರುವ ಕಾವಿನ ಮುಳ್ಳು ಇವು ಒಟ್ಟಿಗೆ ಕಂಡರೆ ಬೆಲ್ಟ್ ಹೋಗಿದೆ ಎಂದು ತಿಳಿಯಿರಿ. ಓಡಿಸುವವರಿಗೆ ಗಟ್ಟಿಯಾಗಿ ಹೇಳಿ: ಬದಿಗೆ ತೆಗೆದುಕೊಂಡು ಎಂಜಿನ್ ನಿಲ್ಲಿಸಿ. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆರೆಯಬಾರದು, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು. ಓಢನಿ ಕಟ್ಟಿ ಊರು ಮುಟ್ಟಿಸಿದ ಕಥೆಗಳನ್ನು ನೀವು ಕೇಳಿರಬಹುದು. ಹಳೆಯ ವಿ ಬೆಲ್ಟಿನ ಗಾಡಿಯಲ್ಲಿ ನಾಲ್ಕು ಹೆಜ್ಜೆ ನಡೆದಿದ್ದೀತು, ಈಗಿನ ಅಗಲ ಬೆಲ್ಟಿನ ಜಾಗದಲ್ಲಿ ಅದು ನಡೆಯುವುದಿಲ್ಲ. ರೋಗಿ ಅಥವಾ ಗರ್ಭಿಣಿ ಇದ್ದರೆ ಗಾಡಿಯ ಚಿಂತೆ ಬಿಟ್ಟು ಮೊದಲು 108ಕ್ಕೆ ಫೋನು ಮಾಡಿ. ಡಿಕ್ಕಿಯಲ್ಲಿ ಅದೇ ಸಂಖ್ಯೆಯ ಒಂದು ಬೆಲ್ಟ್ ಇದ್ದರೆ ಯಾವುದೇ ಊರಿನ ಮಿಸ್ತ್ರಿ ಬಂದು ಹಾಕಿಕೊಡುತ್ತಾನೆ.

ಮನೆಯ ಸಹೋದರರೇ, ಈ ಪುಟ ನಿಮ್ಮ ಕೈಗೂ ಬಂದರೆ ಒಂದು ವಿನಂತಿ. ತಾಯಿ, ಹೆಂಡತಿ, ಮಗಳು "ಏನೋ ಸದ್ದು ಬರುತ್ತಿದೆ" ಎಂದರೆ ನಗಬೇಡಿ. ಗೃಹಕೃತ್ಯದಲ್ಲಿ ಮಶ್ವರಾ ಮಾಡುವುದು ನಮಗೆ ಕಲಿಸಿಕೊಟ್ಟ ರೀತಿ. ಗಾಡಿಯೂ ಮನೆಯ ಒಂದು ಭಾಗವೇ.

ಸಹೋದರಿಯರೇ, ಬರುವ ಶುಕ್ರವಾರ ಜುಮಾಕ್ಕೆ ಮೊದಲು ಗಾಡಿ ತೊಳೆಯುವಾಗ ಬಾನೆಟ್ ಎತ್ತಿಸಿ. ಬೆಲ್ಟಿನ ಸಂಖ್ಯೆ, ಬದಲಾಯಿಸಿದ ದಿನ, ಆಗಿನ ಕಿಲೋಮೀಟರ್ ಇವನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಗ್ಯಾಸ್ ಬುಕ್ ಮಾಡಿದ ದಿನ, ಮಗುವಿನ ಲಸಿಕೆಯ ದಿನ ಬರೆದಿಡುವವರಿಗೆ ಇದೇನು ಕಷ್ಟವಲ್ಲ. ಇನ್‌ಶಾ ಅಲ್ಲಾಹ್, ನಿಮ್ಮವರ ದಾರಿ ಸುಗಮವಾಗಲಿ.